ಹತ್ತು ಕಾಗದ, ಒಂದೇ ಪಿಡಿಎಫ್: ಹೊರಗಿನವರ ಕೈಗೆ ಕೊಡದೆ ಜೋಡಿಸುವುದು ಹೇಗೆ?



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕಿನ ಸಭೆಗಳಲ್ಲಿ ಈಚೆಗೆ ನಮಗೆ ಒಂದೇ ಮಾತು ಕೇಳಿ ಬರುತ್ತಿದೆ. "ಜೆರಾಕ್ಸ್ ತಂದ್ರೆ ಸಾಲದು ಸಿಸ್ಟರ್, ಎಲ್ಲಾ ಸೇರಿಸಿ ಒಂದೇ ಪಿಡಿಎಫ್ ಮಾಡಿ ಕಳಿಸಿ ಅಂತಾರೆ." ಬ್ಯಾಂಕ್ ಲಿಂಕೇಜ್ ಸಾಲ ಇರಲಿ, ಮಕ್ಕಳ ವಿದ್ಯಾರ್ಥಿವೇತನ ಇರಲಿ, ನಿಗಮದ ಸಹಾಯಧನ ಇರಲಿ, ಕಾಗದದ ಕಟ್ಟು ಹೋಗಿ ಈಗ ಕಡತ ಫೋನಿನೊಳಗೆ ಬಂದಿದೆ. ಆಮೇಲೆ ಏನಾಗುತ್ತದೆ? ಸಂಘದ ಪ್ರತಿನಿಧಿ ಒಂದು ಚೀಲದಲ್ಲಿ ಎಲ್ಲರ ಆಧಾರ್, ಪಾನ್, ಪಾಸ್‌ಬುಕ್ ತುಂಬಿಕೊಂಡು ಪೇಟೆಯ ಸೈಬರ್ ಅಂಗಡಿಗೆ ಹೋಗುತ್ತಾರೆ. ಅಲ್ಲಿನ ಹುಡುಗ ಸ್ಕ್ಯಾನ್ ಮಾಡಿ, ಗೂಗಲ್‌ನಲ್ಲಿ ಹುಡುಕಿ, ಮೊದಲು ಸಿಕ್ಕಿದ ಯಾವುದೋ ಪುಕ್ಕಟೆ ಜಾಲತಾಣ ತೆರೆದು ಎಲ್ಲವನ್ನೂ ಅದರೊಳಗೆ ಹಾಕುತ್ತಾನೆ. ಎರಡು ನಿಮಿಷ. ಒಂದು ಪಿಡಿಎಫ್ ಬಂತು, ದುಡ್ಡು ಕೊಟ್ಟು ಬಸ್ ಹತ್ತಿದರಾಯಿತು.

ಆ ಎರಡು ನಿಮಿಷದಲ್ಲಿ ನಮ್ಮ ಕಾಗದಗಳು ಎಲ್ಲಿಗೆ ಹೋಗಿ ಬಂದವು ಎಂಬುದೇ ಈ ತಿಂಗಳ ಪಾಠ.

ಜಾಲತಾಣದಲ್ಲಿ "ಅಪ್‌ಲೋಡ್" ಎಂದು ಒತ್ತಿದ ಕೂಡಲೇ ನಮ್ಮ ಕಡತದ ಒಂದು ಪ್ರತಿ ಇಂಟರ್‌ನೆಟ್ ದಾರಿಯಲ್ಲಿ ಹೋಗಿ ಬೇರೆ ಯಾರದೋ ಕಂಪ್ಯೂಟರಿನಲ್ಲಿ ಕೂರುತ್ತದೆ. ಆ ಕಂಪ್ಯೂಟರ್ ಬೆಂಗಳೂರಿನಲ್ಲಿರಬಹುದು, ಬೇರೆ ದೇಶದಲ್ಲಿರಬಹುದು. ಜೋಡಿಸುವ ಕೆಲಸ ಅಲ್ಲಿ ನಡೆದು, ಸಿದ್ಧವಾದ ಪಿಡಿಎಫ್ ವಾಪಸು ಬರುತ್ತದೆ. "ಒಂದೆರಡು ಗಂಟೆಯಲ್ಲಿ ಅಳಿಸಿ ಹಾಕುತ್ತೇವೆ" ಎಂದು ಹಲವು ತಾಣಗಳು ಬರೆದಿರುತ್ತವೆ. ಅಳಿಸುವವರೂ ಇದ್ದಾರೆ. ಎಲ್ಲರೂ ಮೋಸಗಾರರು ಎಂದು ನಾವು ಹೇಳುತ್ತಿಲ್ಲ. ಆದರೆ ಅಳಿಸಿದರೋ ಇಲ್ಲವೋ ಎಂದು ನೋಡಿಕೊಳ್ಳುವ ದಾರಿ ನಮಗೂ ಇಲ್ಲ, ಆ ಅಂಗಡಿ ತಮ್ಮನಿಗೂ ಇಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಡೆನ್ವರ್ ಕಚೇರಿ ಇದೇ ವಿಚಾರಕ್ಕೆ ಜನರನ್ನು ಎಚ್ಚರಿಸಿತು. ಕಡತ ಬದಲಾಯಿಸಿ ಕೊಡುವ, ಹಲವು ಚಿತ್ರ ಸೇರಿಸಿ ಒಂದು ಪಿಡಿಎಫ್ ಮಾಡಿಕೊಡುವ ಪುಕ್ಕಟೆ ತಾಣಗಳ ವೇಷದಲ್ಲಿ ಕಳ್ಳರು ಕೂತಿದ್ದಾರೆ, ಕೆಲಸವನ್ನೇನೋ ಮಾಡಿಕೊಡುತ್ತಾರೆ, ಜೊತೆಗೆ ಕಡತದೊಳಗಿನ ಹೆಸರು, ಗುರುತಿನ ಸಂಖ್ಯೆ, ಬ್ಯಾಂಕ್ ವಿವರ ಎತ್ತಿಕೊಳ್ಳುತ್ತಾರೆ, ಕಂಪ್ಯೂಟರಿಗೆ ವೈರಸ್ಸನ್ನೂ ಬಿಡುತ್ತಾರೆ ಎಂಬುದು ಅದರ ಸಾರ.

"ನಮ್ಮ ಹತ್ರ ಏನಿದೆ ಕದಿಯೋಕೆ?" ಎನ್ನುವವರಿಗೆ ನಮ್ಮ ಉತ್ತರ ಇದು. ಸಂಘದ ಸಾಲದ ಒಂದು ಕಡತವನ್ನು ಬಿಚ್ಚಿ ನೋಡಿ. ಸದಸ್ಯೆಯರ ಆಧಾರ್ ಇದೆ. ಪಾಸ್‌ಬುಕ್ಕಿನ ಮೊದಲ ಪುಟ ಇದೆ, ಅಂದರೆ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ. ಠರಾವಿನ ಪುಟದಲ್ಲಿ ಸಹಿ, ಸಹಿ ಬಾರದ ಹಿರಿಯ ಅಕ್ಕಂದಿರ ಹೆಬ್ಬೆಟ್ಟು ಇದೆ. ಈಗ ನಮ್ಮ ಹಳ್ಳಿಗೆ ಬರುವ ಬ್ಯಾಂಕ್ ಮಿತ್ರರ ಯಂತ್ರವನ್ನು ನೆನಪಿಸಿಕೊಳ್ಳಿ. ಅದರಲ್ಲಿ ದುಡ್ಡು ತೆಗೆಯಲು ಬೇಕಾದದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಒಟಿಪಿ ಕೇಳುವುದಿಲ್ಲ. ಮೂರೂ ಒಂದೇ ಪಿಡಿಎಫ್‌ನಲ್ಲಿ ಕೂತಿವೆ!

ಇದು ಹೆದರಿಸಲು ಹೇಳುವ ಮಾತಲ್ಲ. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಅನೇಕರ ಖಾತೆಯಿಂದ ಅವರಿಗೆ ಗೊತ್ತಿಲ್ಲದೆ ಹಣ ಹೋದ ದೂರುಗಳು ಬಂದವು. ನೋಂದಣಿ ಪತ್ರದ ಪ್ರತಿಗಳಿಂದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಎತ್ತಿ, ನಕಲಿ ಬೆರಳಚ್ಚು ಮಾಡಿ, ಈ ಆಧಾರ್ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆದಿದ್ದರು ಎಂಬುದು ತನಿಖೆಯಲ್ಲಿ ಹೊರಬಂತು. ಒಂದು ಸಲಕ್ಕೆ ಹತ್ತು ಸಾವಿರದವರೆಗೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ದಿನವೇ ಬ್ಯಾಂಕಿಗೆ ಹೋಗುವ ನಮ್ಮ ಅಕ್ಕಂದಿರಿಗೆ ಹತ್ತು ಸಾವಿರ ಅಂದರೆ ಐದು ತಿಂಗಳ ಮಾತು.

ಹಾಗಂತ ಕಾಗದ ಕೊಡದೆ ಇರೋಕಾಗುತ್ತಾ? ಆಗದು. ಬ್ಯಾಂಕಿಗೆ ಕೊಡಲೇಬೇಕು, ಸರ್ಕಾರದ ಅರ್ಜಿಯ ತಾಣಕ್ಕೆ ಹಾಕಲೇಬೇಕು. ಅದು ಕೆಲಸಕ್ಕೆ ಕೊಡುವುದು, ಕೇಳುವುದಕ್ಕೆ ಒಂದು ಕಚೇರಿ ಇರುತ್ತದೆ. ನಡುವೆ, ಬರೀ ಜೋಡಿಸುವ ಕೆಲಸಕ್ಕೆ, ಗುರುತಿಲ್ಲದವರ ಕೈಗೆ ಕೊಡುವುದು ಏಕೆ?

ಜೋಡಿಸುವುದು ಅಷ್ಟು ದೊಡ್ಡ ಕೆಲಸವೂ ಅಲ್ಲ. ಪಿಡಿಎಫ್ ಎಂಬುದನ್ನು ಅಡೋಬಿ ಎಂಬ ಕಂಪನಿ 1993ರಲ್ಲಿ ಹೊರತಂದಿತು. ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಬೇಕು ಎಂಬುದು ಅದರ ಉದ್ದೇಶ. 2008ರಿಂದ ಅದು ಯಾರು ಬೇಕಾದರೂ ಬಳಸಬಹುದಾದ ಅಂತಾರಾಷ್ಟ್ರೀಯ ಮಾನದಂಡ. ಕಡತದೊಳಗೆ ಪುಟಗಳು ಇರುತ್ತವೆ, ಕೊನೆಯಲ್ಲಿ ಯಾವ ಪುಟ ಎಲ್ಲಿದೆ ಎಂಬ ಪಟ್ಟಿ ಇರುತ್ತದೆ. ಎರಡು ಪಿಡಿಎಫ್ ಸೇರಿಸುವುದು ಅಂದರೆ ಪುಟಗಳನ್ನು ಒಟ್ಟಿಗೆ ಇಟ್ಟು ಪಟ್ಟಿಯನ್ನು ಹೊಸದಾಗಿ ಬರೆಯುವುದು, ಅಷ್ಟೇ. ನಾವು ಕಾಗದಕ್ಕೆ ತೂತು ಹೊಡೆದು ಟ್ಯಾಗ್ ಹಾಕಿ ಕಟ್ಟುತ್ತೇವಲ್ಲ, ಅದೇ ಕೆಲಸ. ಟ್ಯಾಗ್ ಹಾಕಲು ಯಾರಾದರೂ ಕಾಗದವನ್ನು ಅಮೆರಿಕಕ್ಕೆ ಕಳಿಸುತ್ತಾರೆಯೇ? ನಿಮ್ಮ ಕೈಯಲ್ಲಿರುವ ಎಂಟು ಸಾವಿರದ ಫೋನಿಗೂ ಈ ಕೆಲಸ ಮಾಡುವಷ್ಟು ಶಕ್ತಿ ಇದೆ.

ಎಲ್ಲಕ್ಕಿಂತ ಸುಲಭದ ದಾರಿ, ಜೋಡಿಸುವ ಕೆಲಸವನ್ನೇ ಇಲ್ಲದಂತೆ ಮಾಡುವುದು. ಕಾಗದಗಳು ಕೈಯಲ್ಲೇ ಇದ್ದರೆ ಒಂದೊಂದನ್ನೇ ಬೇರೆ ಬೇರೆ ಪಿಡಿಎಫ್ ಮಾಡಿಸಬೇಡಿ. ಜೆರಾಕ್ಸ್ ಅಂಗಡಿಯ ದೊಡ್ಡ ಯಂತ್ರಗಳಲ್ಲಿ ಹಲವು ಪುಟ ಒಟ್ಟಿಗೆ ಸ್ಕ್ಯಾನ್ ಮಾಡಿ ಒಂದೇ ಕಡತವಾಗಿ ಉಳಿಸುವ ಅನುಕೂಲ ಸಾಮಾನ್ಯವಾಗಿ ಇರುತ್ತದೆ. ಕಾಗದಗಳನ್ನು ಬೇಕಾದ ಕ್ರಮದಲ್ಲಿ ಇಟ್ಟು, "ತಮ್ಮಾ, ಇಷ್ಟೂ ಒಂದೇ ಪಿಡಿಎಫ್ ಆಗ್ಬೇಕು, ನೇರವಾಗಿ ಪೆನ್‌ಡ್ರೈವ್‌ಗೆ ಹಾಕ್ಕೊಡು, ಆನ್‌ಲೈನಲ್ಲಿ ಸೇರಿಸೋದು ಬೇಡ" ಎಂದು ಮೊದಲೇ ಹೇಳಿ. ಕೆಲಸ ಮುಗಿಯಿತು.

ಫೋನಿನಲ್ಲೇ ಮಾಡುವುದಾದರೆ ಹೀಗೆ. ಕಾಗದವನ್ನು ಬೆಳಕಿರುವ ಕಡೆ, ನೆರಳು ಬೀಳದಂತೆ ಇಟ್ಟು ಪುಟಪುಟವಾಗಿ ಫೋಟೋ ತೆಗೆಯಿರಿ. ಜಗಲಿಯ ಮೇಲೆ ಬೆಳಗ್ಗೆ ಹತ್ತರ ಬೆಳಕು ಚೆನ್ನ. ಗ್ಯಾಲರಿಯಲ್ಲಿ ಬೇಕಾದ ಫೋಟೋಗಳನ್ನು ಕ್ರಮವಾಗಿ ಆಯ್ಕೆ ಮಾಡಿ, ಮೂರು ಚುಕ್ಕಿ ಒತ್ತಿ, "ಪ್ರಿಂಟ್" ಎಂಬುದನ್ನು ಆರಿಸಿ. ಪ್ರಿಂಟರ್ ಇಲ್ಲದಿದ್ದರೂ ಚಿಂತೆ ಇಲ್ಲ. ಮೇಲೆ "ಸೇವ್ ಆ್ಯಸ್ ಪಿಡಿಎಫ್" ಎಂದು ಬರುತ್ತದೆ, ಅದನ್ನು ಒತ್ತಿದರೆ ಎಲ್ಲಾ ಫೋಟೋ ಸೇರಿ ಒಂದೇ ಪಿಡಿಎಫ್ ಫೋನಿನಲ್ಲೇ ಉಳಿಯುತ್ತದೆ. ಕೆಲವು ಫೋನುಗಳ ಗ್ಯಾಲರಿ ಒಂದೇ ಫೋಟೋಗೆ ಮಾತ್ರ ಇದನ್ನು ಬಿಡುತ್ತದೆ. ಆಗ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲಿಂದಲೂ ಇರುವ "ಫೈಲ್ಸ್ ಬೈ ಗೂಗಲ್" ತೆರೆದು ನೋಡಿ. ಹೊಸ ಆವೃತ್ತಿಯಲ್ಲಿ ಸ್ಕ್ಯಾನ್ ಗುಂಡಿ ಇದೆ, ಒಂದು ಪುಟ ಆದ ಮೇಲೆ ಇನ್ನೊಂದು ಪುಟ ಸೇರಿಸುತ್ತಾ ಹೋಗಬಹುದು. ಐಫೋನ್ ಇರುವ ಮಕ್ಕಳು ಮನೆಯಲ್ಲಿದ್ದರೆ ಅವರ "ಫೈಲ್ಸ್" ಆ್ಯಪ್‌ನಲ್ಲಿ ಕಡತಗಳನ್ನು ಆರಿಸಿ "ಕ್ರಿಯೇಟ್ ಪಿಡಿಎಫ್" ಒತ್ತಿದರೆ ಆಯಿತು.

ಗೂಗಲ್ ಡ್ರೈವ್‌ನಲ್ಲೂ ಸ್ಕ್ಯಾನ್ ಇದೆ. ಆದರೆ ಅದು ಉಳಿಯುವುದು ಡ್ರೈವ್‌ನಲ್ಲಿ, ಅಂದರೆ ಗೂಗಲ್‌ನ ಕಂಪ್ಯೂಟರಿನಲ್ಲಿ, ನಿಮ್ಮ ಖಾತೆಯ ಹೆಸರಲ್ಲಿ. ಗುರುತಿಲ್ಲದ ತಾಣಕ್ಕಿಂತ ವಾಸಿ. ಆದರೂ ಅದೂ ಅಪ್‌ಲೋಡೇ ಎಂಬುದು ಗೊತ್ತಿರಲಿ. ನಮ್ಮಲ್ಲಿ ಎಷ್ಟೋ ಜನರ ಜಿಮೇಲ್ ಖಾತೆಯನ್ನು ಫೋನ್ ಮಾರಿದ ಅಂಗಡಿಯವರೇ ತೆರೆದು ಕೊಟ್ಟಿರುತ್ತಾರೆ, ಪಾಸ್‌ವರ್ಡ್ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು! ಅಂಥವರು ಮೊದಲು ಪಾಸ್‌ವರ್ಡ್ ಬದಲಾಯಿಸಿ.

ಕಾಗದ ಅಲ್ಲ, ಮೊದಲೇ ಪಿಡಿಎಫ್ ಆಗಿ ಬಂದಿರುವ ಕಡತಗಳನ್ನು ಸೇರಿಸಬೇಕಾದರೆ ಕಂಪ್ಯೂಟರ್ ಸುಲಭ. "ಪಿಡಿಎಫ್‌ಸ್ಯಾಮ್ ಬೇಸಿಕ್" ಎಂಬ ಪುಕ್ಕಟೆ ತಂತ್ರಾಂಶ ಇದೆ. ಒಂದು ಸಲ ಇಂಟರ್‌ನೆಟ್‌ನಿಂದ ಇಳಿಸಿಕೊಂಡರೆ ಸಾಕು, ಆಮೇಲೆ ನೆಟ್ ಬೇಡ. "ಮರ್ಜ್" ಎಂಬುದನ್ನು ತೆರೆದು, ಕಡತಗಳನ್ನು ಎಳೆದು ಹಾಕಿ, ಮೇಲೆ ಕೆಳಗೆ ಸರಿಸಿ ಕ್ರಮ ಮಾಡಿ, "ರನ್" ಒತ್ತುವುದು. ಒಕ್ಕೂಟದ ಕಚೇರಿಯಲ್ಲಿ ಕಂಪ್ಯೂಟರ್ ಇದ್ದರೆ ಇದನ್ನು ಹಾಕಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ಹತ್ತು ಹಳ್ಳಿಯ ಸಂಘಗಳಿಗೆ ಪೇಟೆ ಅಲೆದಾಟ ತಪ್ಪುತ್ತದೆ. ಕಡತಗಳಿಗೆ 01-ಠರಾವು, 02-ಫೋಟೋ, 03-ಆಧಾರ್ ಹೀಗೆ ಅಂಕಿ ಹಾಕಿ ಹೆಸರಿಟ್ಟರೆ ಕ್ರಮ ತಪ್ಪುವುದಿಲ್ಲ.

ಇನ್ನೊಂದು ಜಾತಿಯ ಜಾಲತಾಣಗಳಿವೆ. "ನಿಮ್ಮ ಕಡತ ನಿಮ್ಮ ಯಂತ್ರ ಬಿಟ್ಟು ಹೊರಗೆ ಹೋಗದು" ಎಂದು ಅವು ಹೇಳುತ್ತವೆ. ಇದು ಸಾಧ್ಯವಿರುವ ಮಾತೇ. ತಾಣವು ಜೋಡಿಸುವ ಕಾರ್ಯಕ್ರಮವನ್ನು ನಮ್ಮ ಬ್ರೌಸರ್‌ಗೆ ಕಳಿಸುತ್ತದೆ, ಕೆಲಸ ಇಲ್ಲೇ ನಡೆಯುತ್ತದೆ. ಬಡಗಿಯ ಮನೆಗೆ ಮರ ಹೊತ್ತುಕೊಂಡು ಹೋಗುವ ಬದಲು ಬಡಗಿಯೇ ಉಳಿ ಸುತ್ತಿಗೆ ತಂದು ನಮ್ಮ ಅಂಗಳದಲ್ಲಿ ಕೂತ ಹಾಗೆ. ಆದರೆ ಹೇಳಿದ್ದು ನಿಜವೇ ಎಂದು ತಿಳಿಯುವುದು ಹೇಗೆ? ಬರೀ ಬಿಳಿ ಹಾಳೆಯದೋ ದೇವರ ಪಟದ್ದೋ ಎರಡು ಪಿಡಿಎಫ್ ಮಾಡಿಟ್ಟುಕೊಳ್ಳಿ. ತಾಣವನ್ನು ಪೂರ್ತಿ ತೆರೆಯಲು ಬಿಡಿ. ಈಗ ಫೋನಿನ ಡೇಟಾ, ವೈಫೈ ಎರಡೂ ಆಫ್ ಮಾಡಿ, ಇಲ್ಲವೇ ಏರೋಪ್ಲೇನ್ ಮೋಡ್ ಹಾಕಿ. ಆಮೇಲೆ ಜೋಡಿಸಿ ನೋಡಿ. ನೆಟ್ ಇಲ್ಲದೆಯೂ ಪಿಡಿಎಫ್ ಕೈಗೆ ಬಂದರೆ ಜೋಡಿಸುವ ಕೆಲಸ ನಿಮ್ಮ ಫೋನಿನಲ್ಲೇ ನಡೆದಿದೆ. ಸುತ್ತುತ್ತಾ ನಿಂತುಬಿಟ್ಟರೆ, ಅಥವಾ ದೋಷ ಎಂದು ತೋರಿಸಿದರೆ, ಅದು ಕಡತವನ್ನು ಹೊರಗೆ ಕಳಿಸುವ ತಾಣವಿರಬಹುದು. ನಿಜವಾದ ದಾಖಲೆ ಹಾಕುವಾಗಲೂ ನೆಟ್ ಆಫ್ ಮಾಡಿಯೇ ಮಾಡಿ, ಆ ಪುಟ ಮುಚ್ಚಿದ ಮೇಲೇ ನೆಟ್ ಆನ್ ಮಾಡಿ. ಪ್ಲೇ ಸ್ಟೋರಿನ ಆ್ಯಪ್‌ಗಳಿಗೂ ಇದೇ ಪರೀಕ್ಷೆ ಮಾಡಬಹುದು. ಆದರೆ ಆ್ಯಪ್ ಫೋನಿನಲ್ಲೇ ಉಳಿಯುವುದರಿಂದ ನೆಟ್ ಬಂದ ಮೇಲೆ ಏನಾದರೂ ಕಳಿಸುವ ಅವಕಾಶ ಅದಕ್ಕಿರುತ್ತದೆ. ಆದ್ದರಿಂದ ಗುರುತಿಲ್ಲದ ಆ್ಯಪ್‌ಗಿಂತ ಫೋನಿನಲ್ಲೇ ಇರುವ ಪ್ರಿಂಟ್ ದಾರಿ ಮೇಲು. ಎಲ್ಲರ ಫೋನಿನಲ್ಲೂ ಇದ್ದ ಕ್ಯಾಮ್‌ಸ್ಕ್ಯಾನರ್ ನೆನಪಿದೆಯಲ್ಲ? 2019ರಲ್ಲಿ ಅದರ ಆಂಡ್ರಾಯ್ಡ್ ಆವೃತ್ತಿಯಲ್ಲಿ ಕೆಟ್ಟ ತಂತ್ರಾಂಶ ಸೇರಿರುವುದನ್ನು ಕ್ಯಾಸ್ಪರ್‌ಸ್ಕಿ ಕಂಪನಿ ಪತ್ತೆ ಮಾಡಿತು. 2020ರ ಜೂನ್‌ನಲ್ಲಿ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು.

ಕಾಡಂಚಿನ ಹಾಡಿಗಳ ಅಕ್ಕಂದಿರು "ನಮ್ಮಲ್ಲಿ ನೆಟ್‌ವರ್ಕೇ ಸಿಗಲ್ಲ" ಎಂದು ಬೇಸರ ಪಡುತ್ತಾರೆ. ಈ ಒಂದು ಕೆಲಸಕ್ಕೆ ನೆಟ್‌ವರ್ಕ್ ಇಲ್ಲದಿರುವುದೇ ಒಳ್ಳೆಯದು ನೋಡಿ. ಹಾಡಿಯಲ್ಲೇ ಕೂತು ಎಲ್ಲಾ ಜೋಡಿಸಿಕೊಂಡು, ಕಳಿಸುವುದಕ್ಕೆ ಮಾತ್ರ ಸಿಗ್ನಲ್ ಇರುವ ಕಡೆ ಬಂದರೆ ಸಾಕು.

ಆಧಾರ್ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಜೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಸೈಬರ್ ಕೇಂದ್ರದಲ್ಲಿ ಇ-ಆಧಾರ್ ಇಳಿಸಬೇಡಿ, ಇಳಿಸಿದರೆ ಆ ಕಂಪ್ಯೂಟರಿನಿಂದ ಪೂರ್ತಿ ಅಳಿಸಿ ಬನ್ನಿ ಎಂದು ಅದರಲ್ಲಿತ್ತು. ಜನ ಗಾಬರಿಯಾದರು. ಎರಡೇ ದಿನಕ್ಕೆ, ಮೇ 29ರಂದು, ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡು, ತಪ್ಪು ಅರ್ಥ ಬರಬಹುದು, ಸಾಮಾನ್ಯ ಎಚ್ಚರಿಕೆ ವಹಿಸಿದರೆ ಸಾಕು ಎಂದಿತು. ಪ್ರಕಟಣೆ ಹೋಯಿತು, ಮಾಸ್ಕ್ಡ್ ಆಧಾರ್ ಹೋಗಲಿಲ್ಲ. ಪ್ರಾಧಿಕಾರದ ತಾಣದಿಂದ ಅದನ್ನು ಈಗಲೂ ಇಳಿಸಿಕೊಳ್ಳಬಹುದು. ಕೆಲವು ಕಡೆ ಪೂರ್ತಿ ಸಂಖ್ಯೆಯೇ ಬೇಕು ಎನ್ನುತ್ತಾರೆ. ಆದ್ದರಿಂದ ಮೊದಲು "ಮಾಸ್ಕ್ಡ್ ಆಗುತ್ತಾ?" ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಹುಟ್ಟಿದ ವರ್ಷ. ಪಾಸ್‌ವರ್ಡ್ ಇರುವ ಕಡತ ಜೋಡಣೆಗೆ ಒಗ್ಗುವುದಿಲ್ಲ ಎಂದು "ಅನ್‌ಲಾಕ್" ಮಾಡುವ ತಾಣಕ್ಕೆ ಕಡತವನ್ನೂ ಪಾಸ್‌ವರ್ಡನ್ನೂ ಒಟ್ಟಿಗೆ ಕೊಡುವವರಿದ್ದಾರೆ. ಬೀಗದ ಜೊತೆ ಬೀಗದ ಕೈ! ಅದರ ಬದಲು ನಿಮ್ಮ ಯಂತ್ರದಲ್ಲೇ ಪಾಸ್‌ವರ್ಡ್ ಹಾಕಿ ತೆರೆದು, ಪ್ರಿಂಟ್ ಒತ್ತಿ, ಪಿಡಿಎಫ್ ಆಗಿ ಉಳಿಸಿ. ಪಾಸ್‌ವರ್ಡ್ ಇಲ್ಲದ ಪ್ರತಿ ಸಿಗುತ್ತದೆ. ಆದರೆ ಇದರಲ್ಲಿ ಒಂದು ತೊಡಕಿದೆ. ಇ-ಆಧಾರ್, ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ ಇಂಥವುಗಳಲ್ಲಿ ಡಿಜಿಟಲ್ ಸಹಿ ಇರುತ್ತದೆ. ಪ್ರಿಂಟ್ ದಾರಿಯಲ್ಲಿ ಉಳಿಸಿದರೂ, ಬೇರೆ ಕಡತಗಳ ಜೊತೆ ಜೋಡಿಸಿದರೂ ಆ ಸಹಿಯ ಪರಿಶೀಲನೆ ನಿಂತುಹೋಗುತ್ತದೆ, ಉಳಿಯುವುದು ಚಿತ್ರ ಮಾತ್ರ. ಜಾತಿ ಆದಾಯ ಪತ್ರದ ಮೇಲಿನ ಆರ್‌ಡಿ ಸಂಖ್ಯೆಯಿಂದ ಕಚೇರಿಯವರು ನೋಡಿಕೊಳ್ಳಬಹುದು, ತೊಂದರೆಯಿಲ್ಲ. ಆದರೂ ಇಳಿಸಿಕೊಂಡ ಮೂಲ ಪಿಡಿಎಫ್ ಅನ್ನು ಬೇರೆಯಾಗಿ ಜೋಪಾನ ಮಾಡಿ, ಜೋಡಿಸಿದ್ದು ಪ್ರತಿ ಮಾತ್ರ ಎಂದು ತಿಳಿಯಿರಿ.

ಎಷ್ಟು ಕಾಗದ ಕೊಡಬೇಕು ಎಂಬುದೂ ನಮ್ಮ ಸದಸ್ಯೆಯರಿಗೆ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದ ಪ್ರಕಾರ ಸ್ವಸಹಾಯ ಸಂಘದ ಉಳಿತಾಯ ಖಾತೆ ತೆರೆಯುವಾಗ ಎಲ್ಲಾ ಸದಸ್ಯೆಯರ ದಾಖಲೆ ಬೇಕಿಲ್ಲ, ಪದಾಧಿಕಾರಿಗಳದು ಸಾಕು. ಸಾಲ ಜೋಡಣೆಯ ಸಮಯದಲ್ಲಿ ಎಲ್ಲರದ್ದನ್ನೂ ಕೇಳಬಹುದು. ಹಾಗಾಗಿ "ಯಾವುದಕ್ಕೂ ಇರ್ಲಿ" ಎಂದು ಹದಿನೈದು ಜನರ ಆಧಾರ್ ಕಟ್ಟಿಕೊಂಡು ತಿರುಗುವ ಅಭ್ಯಾಸ ಬಿಡಿ. ಸ್ಕ್ಯಾನ್ ಮಾಡುವ ಮೊದಲೇ ಜೆರಾಕ್ಸ್ ಪ್ರತಿಯ ಮೇಲೆ ಅಡ್ಡಲಾಗಿ "ಇಂಥ ಬ್ಯಾಂಕಿನ ಸಂಘದ ಸಾಲಕ್ಕೆ ಮಾತ್ರ" ಎಂದು ಬರೆದು ದಿನಾಂಕ, ಸಹಿ ಹಾಕಿ. ಬರಹ ಹೆಸರು ಅಂಕಿಗಳ ಮೇಲೆ ಹಾದು ಹೋಗಲಿ, ಓದಲು ಬಂದರಾಯಿತು. ಬರೆದ ಪ್ರತಿಯನ್ನು ಬೇರೆ ಸಾಲಕ್ಕೆ ಬಳಸುವುದು ಕಷ್ಟ. ಕಡತ ದೊಡ್ಡದಾಯಿತು, ತಾಣ ತೆಗೆದುಕೊಳ್ಳುತ್ತಿಲ್ಲ ಎಂದರೆ ಕುಗ್ಗಿಸಲು ಮತ್ತೆ ಆನ್‌ಲೈನ್‌ಗೆ ಓಡಬೇಡಿ. 200 ಡಿಪಿಐನಲ್ಲಿ, ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಅಂಗಡಿಯಲ್ಲೇ ಮಾಡಿಸಬೇಕಾದವರೂ ಇದ್ದಾರೆ. ತಪ್ಪೇನಿಲ್ಲ. ಅಂಗಡಿ ತಮ್ಮನ ಮೇಲೆ ಅನುಮಾನ ಪಡಿ ಎನ್ನುವುದಲ್ಲ, ಅವನ ಕಂಪ್ಯೂಟರಿಗೆ ದಿನಕ್ಕೆ ನೂರು ಜನ ಬಂದು ಹೋಗುತ್ತಾರೆ. ಪರದೆ ಕಾಣುವ ಕಡೆ ನಿಲ್ಲಿ. ಅವನ ವಾಟ್ಸಾಪ್ ನಂಬರಿಗೆ ಕಡತ ಕಳಿಸಿದರೆ ಅದು ಅವನ ಫೋನಿನಲ್ಲೇ ಉಳಿಯುತ್ತದೆ, ಪೆನ್‌ಡ್ರೈವ್ ಒಳ್ಳೆಯದು. ನಿಮ್ಮ ವಾಟ್ಸಾಪನ್ನು ಅಲ್ಲಿನ ಕಂಪ್ಯೂಟರಿಗೆ ಜೋಡಿಸಿದ್ದರೆ ಹೊರಡುವ ಮೊದಲು ಫೋನಿನ "ಲಿಂಕ್ಡ್ ಡಿವೈಸಸ್"ಗೆ ಹೋಗಿ ಲಾಗೌಟ್ ಮಾಡಿ. ಡೌನ್‌ಲೋಡ್ಸ್‌ನಿಂದಲೂ ರೀಸೈಕಲ್ ಬಿನ್‌ನಿಂದಲೂ ಅಳಿಸಲು ಹೇಳಿ, ಅಳಿಸುವುದನ್ನು ನೋಡಿಯೇ ಬನ್ನಿ. ಸಿದ್ಧವಾದ ಪಿಡಿಎಫ್ ಅನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕುವುದು ಮಾತ್ರ ಬೇಡವೇ ಬೇಡ. ಹದಿನೈದು ಫೋನು, ಅವುಗಳಲ್ಲಿ ಆಡುವ ಮಕ್ಕಳು, ಕೆಟ್ಟಾಗ ರಿಪೇರಿಗೆ ಕೊಡುವ ಅಂಗಡಿ, ಎಲ್ಲಾ ಕಡೆ ಒಂದೊಂದು ಪ್ರತಿ ಆಗುತ್ತದೆ.

ದಾಖಲೆ ಹೊರಗೆ ಹೋಗಿದೆಯೇನೋ ಎಂಬ ಅನುಮಾನ ಇರುವವರು ಬೆರಳಚ್ಚಿಗೆ ಬೀಗ ಹಾಕಬಹುದು. ಆಧಾರ್‌ನ ಅಧಿಕೃತ ತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಇದೆ. ಅದಕ್ಕೆ ಆಧಾರಿಗೆ ಜೋಡಿಸಿದ ಮೊಬೈಲ್ ಬೇಕು. ಒಂದು ಎಚ್ಚರ: ಬೀಗ ಹಾಕಿದರೆ ರೇಷನ್ ಅಂಗಡಿಯಲ್ಲೂ ಬ್ಯಾಂಕ್ ಮಿತ್ರರ ಹತ್ತಿರವೂ ಹೆಬ್ಬೆಟ್ಟು ಕೆಲಸ ಮಾಡದು. ಹೋಗುವ ಮೊದಲು ಬೀಗ ತೆಗೆದು ಹೋಗಬೇಕು. ನಿಮ್ಮ ಹೆಸರಲ್ಲಿ ಬೇರೆ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂದು ನೋಡಲು ಸಿಬಿಲ್ ಮೊದಲಾದ ಸಂಸ್ಥೆಗಳು ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ಖಾತೆಯಿಂದ ಹಣ ಹೋದರೆ ಸಂಜೆಯ ಸಭೆಗೆ ಕಾಯಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ಮುಂದೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು.

ಮುಂದಿನ ವಾರದ ಸಭೆಗೆ: ದೊಡ್ಡ ಫೋನ್ ಇರುವವರು ತನ್ನಿ. ಆಧಾರ್, ಪಾಸ್‌ಬುಕ್ ತರಬೇಡಿ, ಕಲಿಯುವುದಕ್ಕೆ ಹಳೆಯ ಕ್ಯಾಲೆಂಡರಿನ ಮೂರು ಹಾಳೆ ಸಾಕು. ಇಬ್ಬಿಬ್ಬರು ಸೇರಿ ಡೇಟಾ ಆಫ್ ಮಾಡಿ ಮೂರು ಹಾಳೆಯನ್ನು ಒಂದು ಪಿಡಿಎಫ್ ಮಾಡಿ ತೋರಿಸಿ. ಮಾಡಲು ಬಂದ ಇಬ್ಬರನ್ನು ಈ ಕೆಲಸಕ್ಕೆ ಸಂಘದಿಂದ ಆರಿಸಿ ನಡಾವಳಿಯಲ್ಲಿ ಬರೆಯಿರಿ. ಯಾರ ದಾಖಲೆಯನ್ನು, ಯಾವ ಕೆಲಸಕ್ಕೆ, ಯಾವ ದಿನ, ಯಾರಿಗೆ ಕೊಟ್ಟೆವು ಎಂದು ಬರೆಯಲು ನಡಾವಳಿ ಪುಸ್ತಕದ ಕೊನೆಯ ಎರಡು ಪುಟ ಬಿಡಿ. ಸಾಲ ಮಂಜೂರಾಗಿ ಹಣ ಖಾತೆಗೆ ಬಂದ ಮೇಲೆ ಆ ಇಬ್ಬರ ಫೋನಿನಿಂದ ಕಡತವನ್ನು ಎಲ್ಲರ ಎದುರಿಗೇ ಅಳಿಸಿ, ಅಳಿಸಿದ ದಿನವನ್ನೂ ಅದೇ ಪುಟದಲ್ಲಿ ಬರೆದಿಡಿ.